ಬಂದೂಕು ಎತ್ತದ ಪಡೆಯ ದಂಡನಾಯಕ: ಸೈಪ್ರಸ್‌ನಲ್ಲಿ ಜನರಲ್ ತಿಮ್ಮಯ್ಯ

ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಲಾರ್ನಕಾ ಎಂಬ ಕಡಲತೀರದ ಪಟ್ಟಣವಿದೆ. ಅಲ್ಲಿನ ಹೆದ್ದಾರಿಯಂತಹ ರಸ್ತೆಯೊಂದು ಕೊಡಗಿನ ವ್ಯಕ್ತಿಯೊಬ್ಬರ ಹೆಸರನ್ನು ಹೊತ್ತಿದೆ. ಆ ದೇಶದ ಅಂಚೆ ಇಲಾಖೆ 1966ರಲ್ಲಿ ಅವರದೇ ಚಿತ್ರವುಳ್ಳ ಅಂಚೆಚೀಟಿಯನ್ನೂ ಹೊರಡಿಸಿತು. ಅವರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರ ಹೆಸರೆತ್ತಿದರೆ ಕನ್ನಡಿಗರಿಗೆ ನೆನಪಾಗುವುದು ಎರಡು ಸಂಗತಿಗಳು. ಒಂದು, 1948ರಲ್ಲಿ ಝೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸ. ಇನ್ನೊಂದು, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಮನಸ್ತಾಪದಿಂದ 1959ರಲ್ಲಿ ಸೇನಾ ಮುಖ್ಯಸ್ಥರ ಸ್ಥಾನಕ್ಕೆ ನೀಡಿ, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂಪಡೆದ ರಾಜೀನಾಮೆ. ಆದರೆ ಅವರ ಬದುಕಿನ ಕೊನೆಯ ಹದಿನೇಳು ತಿಂಗಳುಗಳ ಬಗ್ಗೆ ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ. ಯುದ್ಧಭೂಮಿಯಲ್ಲಿ ಹೆಸರು ಮಾಡಿದ ಸೇನಾನಿಯೊಬ್ಬರು ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರವೇ ಇಲ್ಲದ ಪಡೆಯೊಂದನ್ನು ಮುನ್ನಡೆಸಿದ ಅವಧಿ ಅದು. ಅವರ ಜೀವನದ ಅತ್ಯಂತ ಕಠಿಣ ಹೊಣೆ ಅದೇ ಆಗಿತ್ತೆಂದರೆ ತಪ್ಪಾಗಲಾರದು.

ಮಡಿಕೇರಿಯಿಂದ ಬರ್ಮಾದವರೆಗೆ

ತಿಮ್ಮಯ್ಯನವರು ಜನಿಸಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ತಂದೆ ಸುಬ್ಬಯ್ಯ, ತಾಯಿ ಸೀತಮ್ಮ. ಕಾಫಿ ಬೆಳೆಗಾರರ ಅನುಕೂಲಸ್ಥ ಮನೆತನ. ಕೂನೂರು ಹಾಗೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿ, ಡೆಹರಾಡೂನಿನ ಸೈನಿಕ ಕಾಲೇಜಿನ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇರಿದರು. 1926ರಲ್ಲಿ ಸೇನಾಧಿಕಾರಿಯಾದರು. ಮುಂದೆ ಕುಮಾವೂಂ ರೆಜಿಮೆಂಟ್ ಎಂದು ಹೆಸರಾದ 19ನೇ ಹೈದರಾಬಾದ್ ರೆಜಿಮೆಂಟ್ ಅವರ ಮನೆಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ಅವರು ಬರ್ಮಾದ ಅರಕಾನ್ ರಣರಂಗದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಸಮರರಂಗದಲ್ಲಿ ಬ್ರಿಗೇಡಿಗೆ ಮುಖ್ಯಸ್ಥರಾದ ಭಾರತೀಯ ಎಂಬ ಗೌರವ ಅವರದಾಯಿತು. ಇದೇ ಕಾಲದಲ್ಲಿ ಅಣ್ಣ ಪೊನ್ನಪ್ಪನವರು ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆಯ ಇಬ್ಬರು ಮಕ್ಕಳು ಯುದ್ಧದ ಎರಡು ಕಡೆಗಳಲ್ಲಿ ನಿಂತ ಪ್ರಸಂಗವಿದು. ಎದುರಿಗಿರುವವನು ಶತ್ರುವೇ ಆಗಿರಬೇಕಿಲ್ಲ ಎಂಬುದನ್ನು ತಿಮ್ಮಯ್ಯನವರು ಸೈನಿಕ ಕೈಪಿಡಿಗಳಿಂದ ಕಲಿಯಬೇಕಾಗಿರಲಿಲ್ಲ.

1947ರ ಬೇಸಿಗೆ ಕಳೆದು ದೇಶ ಒಡೆದಾಗ ಪಂಜಾಬಿನ ಗಡಿ ಜಿಲ್ಲೆಗಳ ರಕ್ಷಣೆಗೆಂದು ವಿಶೇಷ ಪಡೆಯೊಂದನ್ನು ರಚಿಸಲಾಯಿತು. ತಿಮ್ಮಯ್ಯನವರು ಅದರ ಸಲಹೆಗಾರರಲ್ಲಿ ಒಬ್ಬರು. ಆ ಪಡೆ ಒಂದು ತಿಂಗಳಷ್ಟೇ ಉಳಿಯಿತು. ಹನ್ನೆರಡು ಜಿಲ್ಲೆಗಳ ವಿಸ್ತಾರದಲ್ಲಿ ಹಳ್ಳಿ ಹಳ್ಳಿಗೂ ಹಬ್ಬಿದ ಕೊಲೆ, ಸುಲಿಗೆಗಳನ್ನು ತಡೆಯಲು ಅದರಿಂದಾಗಲಿಲ್ಲ. ಸೆಪ್ಟೆಂಬರ್ ಆರಂಭದಲ್ಲಿಯೇ ಅದನ್ನು ವಿಸರ್ಜಿಸಲಾಯಿತು. ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಲ್ಲಲು ನಿಂತಾಗ ಮಧ್ಯೆ ನಿಲ್ಲುವ ಸೈನ್ಯ ಎಷ್ಟು ಅಸಹಾಯಕವಾಗಬಲ್ಲದು ಎಂಬುದನ್ನು ಅವರು ಕಣ್ಣಾರೆ ಕಂಡರು. ಹದಿನೇಳು ವರ್ಷಗಳ ನಂತರ ಸೈಪ್ರಸ್‌ಗೆ ಹೊರಟಾಗ ಈ ಅನುಭವ ಅವರ ಬೆನ್ನಿಗಿತ್ತು.

ಮರುವರ್ಷ ಕಾಶ್ಮೀರ. ಲೇಹ್‌ಗೆ ಹೋಗುವ ದಾರಿಯನ್ನು ಶತ್ರುಗಳು ಝೋಜಿಲಾದಲ್ಲಿ ಕಟ್ಟಿಹಾಕಿದ್ದರು. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಸಾಗಿಸಿ, 1948ರ ನವೆಂಬರ್ 1ರಂದು ದಾಳಿ ನಡೆಸಿ ದಾರಿ ತೆರೆದ ಕಥೆ ಶಾಲಾಮಕ್ಕಳಿಗೂ ಗೊತ್ತಿದೆ. ಅದನ್ನಿಲ್ಲಿ ಬೆಳೆಸುವ ಅಗತ್ಯವಿಲ್ಲ.

ಕೊರಿಯಾದ ಕೈದಿಗಳು

ಸಂಧಾನದ ಪಾಠಶಾಲೆ ಅವರಿಗೆ ದೊರೆತದ್ದು ಕೊರಿಯಾದಲ್ಲಿ. ಮೂರು ವರ್ಷಗಳ ಯುದ್ಧ 1953ರ ಜುಲೈ 27ರ ಕದನವಿರಾಮದೊಂದಿಗೆ ನಿಂತಿತಾದರೂ ಒಂದು ಪ್ರಶ್ನೆ ಬಗೆಹರಿಯದೆ ಉಳಿದಿತ್ತು. ತಾಯ್ನಾಡಿಗೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳನ್ನು ಏನು ಮಾಡುವುದು? ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿ ಚೀನಾ ಹಾಗೂ ಉತ್ತರ ಕೊರಿಯಾದ ಅಂತಹ 22,000ಕ್ಕೂ ಹೆಚ್ಚು ಮಂದಿಯಿದ್ದರು. ಇನ್ನೊಂದು ಬದಿಯಲ್ಲಿ 359 ಮಂದಿ. ಇವರ ಇಂಗಿತವನ್ನು ಅರಿಯಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಭಾರತ. ಅಧ್ಯಕ್ಷರು ತಿಮ್ಮಯ್ಯ. ಕೈದಿಗಳ ಕಾವಲಿಗೆ ನಿಂತ ಸುಮಾರು 6,000 ಭಾರತೀಯ ಸೈನಿಕರ ಮುಖ್ಯಸ್ಥರು ಬರ್ಮಾ ಯುದ್ಧದ ದಿನಗಳ ಒಡನಾಡಿ, ಕೊಲ್ಹಾಪುರ ಸೀಮೆಯ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತೀಯರೆಂದರೆ ಆಗುತ್ತಿರಲಿಲ್ಲ. ತಮ್ಮ ನೆಲದ ಮೇಲೆ ಅವರು ಕಾಲಿಡಕೂಡದೆಂದು ಹಟ ಹಿಡಿದರು. ಹೀಗಾಗಿ ನಮ್ಮ ಸೈನಿಕರನ್ನು ಬಂದರಿನಿಂದ ಹೆಲಿಕಾಪ್ಟರುಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. ಶಿಬಿರಗಳ ಒಳಗೆ ಕೈದಿಗಳದೇ ಕಟ್ಟುನಿಟ್ಟಿನ ಸಂಘಟನೆಗಳಿದ್ದವು. ಮನಸ್ಸು ಬದಲಿಸಿದವನ ಜೀವಕ್ಕೆ ಅಪಾಯವಿತ್ತು. ಪ್ರತಿಯೊಬ್ಬ ಕೈದಿಗೂ ಅವನ ದೇಶದ ಪ್ರತಿನಿಧಿಗಳು ತಿಳಿವಳಿಕೆ ನೀಡಬೇಕೆಂಬುದು ಒಪ್ಪಂದದ ಷರತ್ತು. ಅದಕ್ಕೆ 90 ದಿನಗಳ ಅವಧಿ ನಿಗದಿಯಾಗಿತ್ತು; ಕೆಲಸ ನಡೆದದ್ದು ಹತ್ತು ದಿನ ಮಾತ್ರ. ಬರಲೊಲ್ಲದ ಕೈದಿಗಳನ್ನು ಬಲವಂತವಾಗಿ ಎಳೆದು ತರಬೇಕೆಂದು ಕಮ್ಯೂನಿಸ್ಟ್ ಪಕ್ಷದವರು ಒತ್ತಾಯಿಸಿದರು, ಕೂಡದೆಂದು ಎದುರು ಪಕ್ಷದವರು ವಾದಿಸಿದರು. ನಿಶ್ಶಸ್ತ್ರ ಕೈದಿಗಳ ಮೇಲೆ ಬಲಪ್ರಯೋಗ ಮಾಡಿ ಹೆಣಗಳನ್ನು ಎಣಿಸುವುದಕ್ಕಿಂತ ಕೆಲಸ ಅಪೂರ್ಣವಾಗಿ ಉಳಿಯುವುದೇ ಲೇಸೆಂಬ ನಿಲುವನ್ನು ತಿಮ್ಮಯ್ಯನವರು ತಳೆದರು.

1954ರ ಜನವರಿಯಲ್ಲಿ ಉಳಿದ ಕೈದಿಗಳನ್ನು ಅವರವರ ಹಿಂದಿನ ವಶದಾರರಿಗೇ ಒಪ್ಪಿಸಲಾಯಿತು. ಯಾವ ಪಕ್ಷಕ್ಕೂ ತೃಪ್ತಿಯಾಗಲಿಲ್ಲ. ಎರಡು ಬಣಗಳಲ್ಲಿ ಯಾವುದನ್ನೂ ಬಯಸದ 88 ಮಂದಿ ಭಾರತಕ್ಕೇ ಬಂದರು. ಆ ವರ್ಷ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು. ಕೊರಿಯಾದ ಅನುಭವವನ್ನು ಅವರು ಬರೆದಿಟ್ಟ ಪುಸ್ತಕ ಪ್ರಕಟವಾದದ್ದು 1981ರಲ್ಲಿ, ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ.

ಒಡೆದ ದ್ವೀಪ

1961ರಲ್ಲಿ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ತಿಮ್ಮಯ್ಯನವರನ್ನು ವಿಶ್ವಸಂಸ್ಥೆ ಮತ್ತೆ ಕರೆದದ್ದು 1964ರಲ್ಲಿ. ಆಗ ಅವರಿಗೆ 58 ವರ್ಷ. ಸೈಪ್ರಸ್ ಕುದಿಯುತ್ತಿತ್ತು.

ಸುಮಾರು ಐದೂಮುಕ್ಕಾಲು ಲಕ್ಷ ಜನಸಂಖ್ಯೆಯ ಆ ದ್ವೀಪದಲ್ಲಿ ಶೇ. 80ರಷ್ಟು ಗ್ರೀಕ್ ಭಾಷಿಕ ಕ್ರೈಸ್ತರು, ಶೇ. 18ರಷ್ಟು ತುರ್ಕಿ ಭಾಷಿಕ ಮುಸ್ಲಿಮರು. ಬ್ರಿಟಿಷರಿಂದ ಬಿಡುಗಡೆಯಾಗಿ 1960ರ ಆಗಸ್ಟ್ 16ರಂದು ಸ್ವತಂತ್ರ ಗಣರಾಜ್ಯವಾಯಿತು. ಅಧ್ಯಕ್ಷರು ಗ್ರೀಕರ ಧರ್ಮಗುರು, ಆರ್ಚ್‌ಬಿಷಪ್ ಮಕಾರಿಯೋಸ್. ಉಪಾಧ್ಯಕ್ಷರು ತುರ್ಕಿ ಸಮುದಾಯದ ಡಾ. ಫಾಜಿಲ್ ಕುಚುಕ್. ಆದರೆ ಗ್ರೀಕರಲ್ಲಿ ಬಹಳಷ್ಟು ಜನರ ಕನಸು ಗ್ರೀಸ್ ದೇಶದೊಂದಿಗೆ ವಿಲೀನ. ಅದಕ್ಕೆ ಅವರು ಎನೋಸಿಸ್ ಎನ್ನುತ್ತಿದ್ದರು. ಅದಕ್ಕೆ ಪ್ರತಿಯಾಗಿ ತುರ್ಕಿ ಸಮುದಾಯದ ಮುಖಂಡರ ಬೇಡಿಕೆ ತಕ್ಸೀಮ್, ಅಂದರೆ ನೆಲವನ್ನೇ ಹೋಳು ಮಾಡುವುದು. ನಮ್ಮ ಜಮೀನಿನ ಕಾಗದಪತ್ರಗಳಲ್ಲಿ ತಕ್ಸೀಮು ಎಂಬ ಮಾತನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸಂವಿಧಾನವನ್ನು ತಿದ್ದಲು 1963ರ ನವೆಂಬರ್‌ನಲ್ಲಿ ಮಕಾರಿಯೋಸ್ ಹದಿಮೂರು ಅಂಶಗಳನ್ನು ಮುಂದಿಟ್ಟರು. ತಮಗಿದ್ದ ರಕ್ಷಣೆ ಕಳಚಿಹೋಗುವುದೆಂದು ತುರ್ಕಿ ಸಮುದಾಯ ಹೆದರಿತು. ಡಿಸೆಂಬರ್ 21ರಂದು ರಾಜಧಾನಿ ನಿಕೋಸಿಯಾದಲ್ಲಿ ರಕ್ತ ಹರಿಯಿತು. ತುರ್ಕಿ ಸಮುದಾಯದ ಸಚಿವರು, ನೌಕರರು ಸರ್ಕಾರದಿಂದ ಹೊರಗುಳಿದರು. ತಾವಾಗಿಯೇ ಹೋದರೆಂದು ಗ್ರೀಕರು, ಹೊರದಬ್ಬಿದರೆಂದು ತುರ್ಕರು ಇಂದಿಗೂ ವಾದಿಸುತ್ತಾರೆ. ಸುಮಾರು 25,000 ತುರ್ಕಿ ಸಮುದಾಯದ ಜನರು ತಮ್ಮ ಹಳ್ಳಿಗಳನ್ನು ತೊರೆದು ಸಣ್ಣಸಣ್ಣ ಆವರಣಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡರು. ಬ್ರಿಟಿಷ್ ಸೇನಾಧಿಕಾರಿಯೊಬ್ಬರು ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಗೆರೆ ಎಳೆದು ನಿಕೋಸಿಯಾವನ್ನು ಎರಡಾಗಿಸಿದರು. ಅದಕ್ಕೆ ಹಸಿರು ಗೆರೆಯೆಂದೇ ಹೆಸರು ನಿಂತಿತು.

ಭದ್ರತಾ ಮಂಡಳಿ 1964ರ ಮಾರ್ಚ್ 4ರಂದು 186ನೇ ನಿರ್ಣಯ ಅಂಗೀಕರಿಸಿ ಶಾಂತಿಪಾಲನಾ ಪಡೆಯನ್ನು ಕಳುಹಿಸಿತು. ಮೊದಲ ದಂಡನಾಯಕರು ಭಾರತದವರೇ ಆದ ಲೆಫ್ಟಿನೆಂಟ್ ಜನರಲ್ ಪ್ರೇಮ್‌ಸಿಂಗ್ ಗ್ಯಾನಿ. ಜುಲೈನಲ್ಲಿ ಅವರ ಸ್ಥಾನಕ್ಕೆ ತಿಮ್ಮಯ್ಯ ಬಂದರು. ಪಡೆಯಲ್ಲಿ ಕೆನಡಾ, ಬ್ರಿಟನ್, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸುಮಾರು 6,000 ಸೈನಿಕರಿದ್ದರು. ಭಾರತದ ಒಂದು ತುಕಡಿಯೂ ಇರಲಿಲ್ಲ. ಅಂದರೆ ತಮ್ಮ ಭಾಷೆಯಾಡುವ ಒಬ್ಬ ಜವಾನನೂ ಇಲ್ಲದ ಪಡೆಗೆ ಅವರು ಆಜ್ಞೆ ಕೊಡಬೇಕಿತ್ತು.

ಆ ಪಡೆಯ ಅಧಿಕಾರದ ಮಿತಿಗಳು ಬಿಗಿಯಾಗಿದ್ದವು. ಆತ್ಮರಕ್ಷಣೆಗಲ್ಲದೆ ಆಯುಧ ಬಳಸುವಂತಿಲ್ಲ. ಯಾರು ಸರಿ, ಯಾರು ತಪ್ಪು ಎಂದು ತೀರ್ಪು ನೀಡುವಂತಿಲ್ಲ. ಖರ್ಚಿಗೆ ದೇಶಗಳು ಸ್ವಇಚ್ಛೆಯಿಂದ ಕೊಟ್ಟ ಹಣವೇ ಗತಿ. ಅವಧಿ ಮೂರೇ ತಿಂಗಳು. ಅದು ಮುಗಿಯುವಾಗಲೆಲ್ಲ ಮತ್ತೆ ಕೆಲವು ತಿಂಗಳ ವಿಸ್ತರಣೆ. ಮೊರಬ, ನವಲಗುಂದ, ಅಣ್ಣಿಗೇರಿ ಕಡೆಯ ಎರೆಹೊಲಗಳಲ್ಲಿ ಬದುವಿನ ಜಗಳ ಕಂಡವರಿಗೆ ಈ ಪಾತ್ರ ಅಪರಿಚಿತವಲ್ಲ. ಕೊಡಲಿ ಹಿಡಿದ ಇಬ್ಬರ ನಡುವೆ ನಿಲ್ಲುವ ಊರ ಹಿರಿಯನಿಗೆ ಹೊಲ ಯಾರದೆಂದು ತೀರ್ಮಾನಿಸುವ ಅಧಿಕಾರ ಇರುವುದಿಲ್ಲ, ಅದು ಕೋರ್ಟಿನ ಕೆಲಸ. ಬಿತ್ತನೆ ನಿಲ್ಲದಂತೆ, ತಲೆ ಒಡೆಯದಂತೆ ನೋಡಿಕೊಳ್ಳುವುದಷ್ಟೇ ಅವನ ಪಾಲಿಗೆ ಬಂದದ್ದು. ವ್ಯತ್ಯಾಸವೆಂದರೆ ಸೈಪ್ರಸ್‌ನಲ್ಲಿ ಇಬ್ಬರ ಬೆನ್ನಿಗೂ ಒಂದೊಂದು ದೇಶದ ಸೇನೆಯಿತ್ತು.

ಬೆಂಕಿಯ ಆಗಸ್ಟ್

ಅಧಿಕಾರ ವಹಿಸಿಕೊಂಡು ಕೆಲವೇ ವಾರಗಳಲ್ಲಿ ಪರೀಕ್ಷೆ ಎದುರಾಯಿತು. ದ್ವೀಪದ ವಾಯವ್ಯ ಕರಾವಳಿಯ ಕೊಕಿನಾ ಎಂಬ ಹಳ್ಳಿ ತುರ್ಕಿ ಹೋರಾಟಗಾರರ ವಶದಲ್ಲಿತ್ತು. ಸಮುದ್ರದಾಚೆಯ ತುರ್ಕಿಯಿಂದ ಆಯುಧ, ಯುವಕರು ಅಲ್ಲಿಯೇ ಇಳಿಯುತ್ತಿದ್ದರು. ಆಗಸ್ಟ್ 6ರಂದು ಜನರಲ್ ಗ್ರಿವಾಸ್ ನೇತೃತ್ವದ ಗ್ರೀಕ್ ರಾಷ್ಟ್ರೀಯ ರಕ್ಷಣಾ ದಳ ದಾಳಿಯಿಟ್ಟಿತು. 8 ಮತ್ತು 9ರಂದು ತುರ್ಕಿಯ ಯುದ್ಧವಿಮಾನಗಳು ಬಾಂಬು ಸುರಿದವು. ಆ ಭಾಗದ ಕಾವಲಿಗಿದ್ದ ಸ್ವೀಡನ್ ಸೈನಿಕರು ಎರಡೂ ಕಡೆಯ ಬೆಂಕಿಯ ನಡುವೆ ಸಿಲುಕಿದರು. ನ್ಯಾಟೊ ಕೂಟದ ಎರಡು ಸದಸ್ಯ ರಾಷ್ಟ್ರಗಳಾದ ಗ್ರೀಸ್, ತುರ್ಕಿಗಳು ನೇರ ಯುದ್ಧದ ಅಂಚಿಗೆ ಬಂದು ನಿಂತಿದ್ದವು. 9ರಂದು ಭದ್ರತಾ ಮಂಡಳಿಯ ಕದನವಿರಾಮದ ಕರೆಗೆ ಎರಡೂ ಪಕ್ಷಗಳು ಓಗೊಟ್ಟವು.

ವಿಮಾನದಾಳಿಯನ್ನು ತಡೆಯುವ ಶಕ್ತಿ ತಿಮ್ಮಯ್ಯನವರ ಪಡೆಗಿರಲಿಲ್ಲ, ಇರುವಂತೆಯೂ ಇರಲಿಲ್ಲ. ಅವರ ಕೆಲಸ ಶುರುವಾದದ್ದು ಬಾಂಬುಗಳು ನಿಂತ ಮೇಲೆ. ಮುರಿದ ನಂಬಿಕೆಯ ನಡುವೆ ಮತ್ತೆ ಕಾವಲುಠಾಣೆ ನಿಲ್ಲಿಸಬೇಕು, ಮುತ್ತಿಗೆಯಲ್ಲಿದ್ದವರಿಗೆ ಆಹಾರ ತಲುಪಿಸಬೇಕು. ಇದರ ಮೇಲೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆಘಾತ. ಸ್ವೀಡನ್ ತುಕಡಿಯ ಕೆಲವು ಸೈನಿಕರು ತುರ್ಕಿ ಹೋರಾಟಗಾರರಿಗೆ ಆಯುಧ ಸಾಗಿಸುತ್ತಿದ್ದಾಗ ಸಿಕ್ಕಿಬಿದ್ದರು. ಮುತ್ತಿಗೆಯಲ್ಲಿ ಬಳಲಿದವರ ಮೇಲಿನ ಕನಿಕರವೇ ಅದಕ್ಕೆ ಕಾರಣವಾಗಿದ್ದರೂ, ನಿಷ್ಪಕ್ಷಪಾತವೇ ಬಂಡವಾಳವಾದ ಪಡೆಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ತಪ್ಪಿತಸ್ಥರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಗ್ರೀಕರ ಸಂಶಯ ಕರಗಲು ದಿನಗಳು ಹಿಡಿದವು.

ಇತ್ತ ತುರ್ಕಿ ಪಕ್ಷಕ್ಕೂ ದಂಡನಾಯಕರ ಮೇಲೆ ಅನುಮಾನವಿರಲು ಕಾರಣಗಳಿದ್ದವು. ಭಾರತ ಸರ್ಕಾರ ಸೈಪ್ರಸ್‌ನ ಅಖಂಡತೆಯ ಪರವಾಗಿತ್ತು; ಮಕಾರಿಯೋಸ್ ಅಲಿಪ್ತ ಕೂಟದಲ್ಲಿ ಭಾರತದ ಜೊತೆಗಾರರು. ತುರ್ಕಿಯಾದರೋ ಪಾಕಿಸ್ತಾನದ ಮಿತ್ರ. ಹೀಗಿದ್ದೂ ತಿಮ್ಮಯ್ಯನವರಿಗೆ ಎರಡೂ ಕಡೆಯ ಬಾಗಿಲುಗಳು ತೆರೆದೇ ಇದ್ದವೆಂಬುದು ಗಮನಾರ್ಹ.

ರಸ್ತೆಯ ಒಪ್ಪಂದ

ಆ ವರ್ಷದ ನಾಜೂಕಿನ ಸಂಧಾನ ನಡೆದದ್ದು ಒಂದು ರಸ್ತೆಯ ಸುತ್ತ. ಸ್ವಾತಂತ್ರ್ಯದ ಒಪ್ಪಂದದಂತೆ ದ್ವೀಪದಲ್ಲಿ 950 ಗ್ರೀಸ್ ಸೈನಿಕರು, 650 ತುರ್ಕಿ ಸೈನಿಕರು ಇರಬಹುದಿತ್ತು. ಗಲಭೆಯ ಸಮಯದಲ್ಲಿ ತುರ್ಕಿ ಸೈನಿಕರು ತಮ್ಮ ಶಿಬಿರ ಬಿಟ್ಟು, ನಿಕೋಸಿಯಾದಿಂದ ಉತ್ತರದ ಕೈರೇನಿಯಾ ಬಂದರಿಗೆ ಹೋಗುವ ಹೆದ್ದಾರಿಯ ಮೇಲೆ ನೆಲೆಯೂರಿದ್ದರು. ಗ್ರೀಕರಿಗೆ ಆ ದಾರಿ ಮುಚ್ಚಿಹೋಗಿತ್ತು. ಅವಧಿ ಮುಗಿದ ಸೈನಿಕರ ಬದಲಿಗೆ ಹೊಸಬರನ್ನು ಕಳುಹಿಸಲು ತುರ್ಕಿ ಹೊರಟಾಗ ಮಕಾರಿಯೋಸ್ ಒಪ್ಪಲಿಲ್ಲ. ತಡೆದರೆ ಯುದ್ಧವೆಂದು ತುರ್ಕಿ ಎಚ್ಚರಿಸಿತು.

ಪ್ರಧಾನ ಕಾರ್ಯದರ್ಶಿ ಯು ಥಾಂಟ್ ಅವರ ರಾಜತಾಂತ್ರಿಕರೂ ಸ್ಥಳದಲ್ಲಿದ್ದ ದಂಡನಾಯಕರೂ ಸೇರಿ ಕಂಡುಕೊಂಡ ಉಪಾಯ ಸರಳವಾಗಿತ್ತು. ಸೈನಿಕರ ಬದಲಾವಣೆಗೆ ಮಕಾರಿಯೋಸ್ ಅಡ್ಡಿಪಡಿಸುವುದಿಲ್ಲ; ಅದಕ್ಕೆ ಪ್ರತಿಯಾಗಿ ಹೆದ್ದಾರಿಯ ಉಸ್ತುವಾರಿ ವಿಶ್ವಸಂಸ್ಥೆಗೆ ಬರುತ್ತದೆ. ಅದರ ಮೇಲೆ ಶಾಂತಿಪಾಲಕರ ಹೊರತು ಬೇರಾರೂ ಆಯುಧ ಹಿಡಿದು ಓಡಾಡುವಂತಿಲ್ಲ. ಗ್ರೀಕ್ ನಾಗರಿಕರ ವಾಹನಗಳು ಗೊತ್ತಾದ ಹೊತ್ತಿನಲ್ಲಿ ಸಾಲಾಗಿ, ವಿಶ್ವಸಂಸ್ಥೆಯ ಬೆಂಗಾವಲಿನಲ್ಲಿ ಸಾಗುತ್ತವೆ. ಸೆಪ್ಟೆಂಬರ್ ಅಂತ್ಯಕ್ಕೆ ಒಪ್ಪಂದ ಕುದುರಿತು, ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಯಾರೂ ಸೋತೆನೆನ್ನಬೇಕಾಗಲಿಲ್ಲ.

ದಿನನಿತ್ಯದ ಕೆಲಸಗಳು ಇನ್ನೂ ಸಣ್ಣವು. ಗ್ರೀಕರ ಠಾಣೆಯೊಂದು ಹತ್ತು ಹೆಜ್ಜೆ ಮುಂದೆ ಬಂದರೆ ತುರ್ಕರದ್ದೂ ಬರುತ್ತಿತ್ತು. ಹಿಂದೆ ಸರಿಸಲು ವಾರಗಟ್ಟಲೆ ಮಾತುಕತೆ. ಗೆರೆಯಾಚೆ ಉಳಿದ ಹೊಲಗಳಲ್ಲಿ ಸುಗ್ಗಿಯ ಕಾಲಕ್ಕೆ ರೈತರು ಪೈರು ಕೊಯ್ಯುವಾಗ ನೀಲಿ ಟೊಪ್ಪಿಗೆಯ ಸೈನಿಕರು ಬದಿಯಲ್ಲಿ ಕಾವಲು ನಿಲ್ಲುತ್ತಿದ್ದರು. ತುರ್ಕಿ ಆವರಣಗಳಿಗೆ ಸಿಮೆಂಟು, ಕಬ್ಬಿಣ, ಬ್ಯಾಟರಿಗಳಂತಹ ವಸ್ತುಗಳ ಸಾಗಣೆಯನ್ನು ಸರ್ಕಾರ ನಿಷೇಧಿಸಿತ್ತು. ಯಾವುದು ಯುದ್ಧಸಾಮಗ್ರಿ, ಯಾವುದು ಚಳಿಗಾಲದಲ್ಲಿ ಮನೆಯ ಸೂರು ಸರಿಪಡಿಸಲು ಬೇಕಾದದ್ದು ಎಂಬ ತಕರಾರು ತಪ್ಪುತ್ತಿರಲಿಲ್ಲ. ನಲವತ್ತು ವರ್ಷ ಸೈನ್ಯದ ನಂಟಿದ್ದ ಜನರಲ್ ಒಬ್ಬರು ಸಿಮೆಂಟು ಚೀಲಗಳ ಲೆಕ್ಕಕ್ಕೆ ತಲೆಕೆಡಿಸಿಕೊಳ್ಳುವುದು ವಿಚಿತ್ರವೆನಿಸಬಹುದು. ಆದರೆ ಸೈಪ್ರಸ್‌ನ ಶಾಂತಿ ನಿಂತದ್ದೇ ಇಂತಹ ಲೆಕ್ಕಗಳ ಮೇಲೆ.

ಏಕೆಂದರೆ ದೊಡ್ಡ ಸಂಧಾನ ಕೈಗೂಡಲಿಲ್ಲ. ವಿಶ್ವಸಂಸ್ಥೆ ನೇಮಿಸಿದ ಮೊದಲ ಮಧ್ಯಸ್ಥಗಾರ, ಫಿನ್ಲೆಂಡಿನ ಸಕಾರಿ ತುವೊಮಿಯೋಯ 1964ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರ ನಂತರ ಬಂದ ಈಕ್ವೆಡಾರ್‌ನ ಮಾಜಿ ಅಧ್ಯಕ್ಷ ಗಾಲೊ ಪ್ಲಾಜಾ 1965ರ ಮಾರ್ಚ್‌ನಲ್ಲಿ ವರದಿ ನೀಡಿದರು. ಗ್ರೀಸ್‌ನೊಂದಿಗಿನ ವಿಲೀನದ ಆಸೆಯನ್ನು ಬಿಡಬೇಕು, ನೆಲವನ್ನು ಜನಾಂಗವಾರು ಹಂಚುವ ಬೇಡಿಕೆಯೂ ಸಲ್ಲದು ಎಂಬುದು ಅದರ ಸಾರ. ತುರ್ಕಿ ವರದಿಯನ್ನು ತಿರಸ್ಕರಿಸಿ, ಪ್ಲಾಜಾ ಅವರ ಪಾತ್ರವೇ ಮುಗಿಯಿತೆಂದಿತು. ಆ ವರ್ಷಾಂತ್ಯಕ್ಕೆ ಅವರು ಹುದ್ದೆ ತೊರೆದರು. ಹೀಗೆ ರಾಜಕೀಯದ ಮೇಜು ಖಾಲಿಯಾದಾಗ ಗೆರೆಯುದ್ದಕ್ಕೂ ಕಾವಲು ನಿಂತ ಪಡೆಯೊಂದೇ ಎರಡು ಸಮುದಾಯಗಳ ನಡುವಿನ ಸೇತುವೆಯಾಗಿ ಉಳಿಯಿತು. 1965ರ ನವೆಂಬರ್ ಆರಂಭದಲ್ಲಿ ಪೂರ್ವ ಕರಾವಳಿಯ ಫಾಮಗುಸ್ತಾದಲ್ಲಿ ಮತ್ತೆ ಗುಂಡಿನ ಸದ್ದು ಕೇಳಿದಾಗಲೂ ಅದನ್ನು ಊರ ಅಂಚಿಗೇ ಸೀಮಿತಗೊಳಿಸುವ ಮಾತುಕತೆ ಪಡೆಯ ಮೇಲೇ ಬಿತ್ತು.

ಇಂತಹ ಶಾಂತಿಪಾಲನೆ ಜಗಳವನ್ನು ಬಗೆಹರಿಸದೆ ಹೆಪ್ಪುಗಟ್ಟಿಸುತ್ತದೆ ಎಂಬ ಟೀಕೆಯಿದೆ. ಅದರಲ್ಲಿ ಸತ್ಯಾಂಶವಿದೆ. ಕಾವಲು ಇದ್ದೇ ಇರುತ್ತದೆಂಬ ಧೈರ್ಯ ಮುಖಂಡರನ್ನು ಮೊಂಡುತನಕ್ಕೆ ದೂಡಿದ್ದೂ ಉಂಟು. ಆದರೆ ಪಂಜಾಬಿನ 1947ನ್ನು ಕಂಡಿದ್ದ ಸೇನಾನಿಗೆ ಹೆಪ್ಪುಗಟ್ಟಿದ ಜಗಳ ಸಣ್ಣ ಸಾಧನೆಯಾಗಿ ತೋರಿರಲಾರದು. ಕೊಕಿನಾದ ನಂತರ, ಅವರಿದ್ದಷ್ಟು ಕಾಲ ದ್ವೀಪದಲ್ಲಿ ಅಷ್ಟು ದೊಡ್ಡ ಕಾಳಗ ಮರುಕಳಿಸಲಿಲ್ಲ.

1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಕರ್ತವ್ಯದಲ್ಲಿರುವಾಗಲೇ ಸೈಪ್ರಸ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 59. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು.

ಅವರು ಕಾಯ್ದ ಶಾಂತಿ 1974ರಲ್ಲಿ ಮುರಿದುಬಿತ್ತು. ಆ ಜುಲೈನಲ್ಲಿ ಗ್ರೀಸ್‌ನ ಸೇನಾಡಳಿತ ಮಕಾರಿಯೋಸ್ ವಿರುದ್ಧ ದಂಗೆ ಎಬ್ಬಿಸಿತು. ಐದು ದಿನಗಳಲ್ಲಿ ತುರ್ಕಿಯ ಸೇನೆ ಕೈರೇನಿಯಾ ಬಳಿ ಇಳಿದು ದ್ವೀಪದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೆಲವನ್ನು ವಶಪಡಿಸಿಕೊಂಡಿತು. ಆಗ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದವರು ಮತ್ತೊಬ್ಬ ಭಾರತೀಯ, ಜನರಲ್ ಪ್ರೇಮ್‌ಚಂದ್. ನಿಕೋಸಿಯಾದ ಹಸಿರು ಗೆರೆ ದ್ವೀಪದ ಉದ್ದಕ್ಕೂ ಸುಮಾರು 180 ಕಿಲೋಮೀಟರ್ ಚಾಚಿಕೊಂಡಿತು. 2024ರ ಮಾರ್ಚ್‌ಗೆ ಆ ಪಡೆಗೆ 60 ವರ್ಷ ತುಂಬಿದಾಗಲೂ ಸೈನಿಕರು ಅದರ ಕಾವಲಿಗಿದ್ದರು.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಬೆಳೆದ ಸನ್ನಿ ಸೈಡ್ ಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿತ್ತು. ಅದನ್ನು ದುರಸ್ತಿಗೊಳಿಸಿ ವಸ್ತುಸಂಗ್ರಹಾಲಯವಾಗಿ ರೂಪಿಸಲಾಯಿತು. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು.